ಪಹಣಿಯಲ್ಲಿ ‘ಖರಾಬು’ ಎಂದು ಬರೆದಿರುವ ಒಂದು ಮರಡಿಯ ಪರವಾಗಿ

ಗೆ,
ಚಿತ್ರದುರ್ಗ ಜಿಲ್ಲೆಯಲ್ಲಿ ಕಲ್ಲು, ಮಣ್ಣು, ನೀರು, ಗಿಡಮರಗಳ ಕಡತ ನೋಡಿಕೊಳ್ಳುವ ಎಲ್ಲ ಅಧಿಕಾರಿಗಳಿಗೆ

ವಿಷಯ: ರಸ್ತೆಗೆ ಹಾಕುವ ಗರಸು ಮಣ್ಣು ತೆಗೆಯಲು ಅಗೆದಿರುವ ಗೋಮಾಳದ ಮರಡಿಯನ್ನು ಖುದ್ದಾಗಿ ಬಂದು ನೋಡುವ ಬಗ್ಗೆ, ಮತ್ತು ಇನ್ನು ಮುಂದೆ ಇಂಥ ಅನುಮತಿ ಕೊಡುವ ಮುನ್ನ ಪರಿಗಣಿಸಬೇಕಾದ ಕೆಲವು ಸಂಗತಿಗಳು.

ಮಾನ್ಯರೇ,

ನಾನು ಇಪ್ಪತ್ತೊಂಬತ್ತು ವರ್ಷ ಬೋರ್‌ವೆಲ್ ಲಾರಿಯ ಮೇಲೆ ದುಡಿದವನು. ಮೊದಲು ಪೈಪು ಹೊರುವ ಹುಡುಗ, ಆಮೇಲೆ ಡ್ರಿಲ್ಲರ್. ಚಳ್ಳಕೆರೆ, ಮೊಳಕಾಲ್ಮೂರು, ಹಿರಿಯೂರು, ಅತ್ತ ದಾವಣಗೆರೆಗೆ ಸೇರಿದ ಜಗಳೂರು, ಈ ತಾಲ್ಲೂಕುಗಳಲ್ಲಿ ನಾನು ಹಾಕಿದ ತೂತುಗಳ ಲೆಕ್ಕ ನನಗೇ ಸಿಕ್ಕುವುದಿಲ್ಲ. “ನೆಲ ಉಳಿಸಿ ಅಂತ ಬರೆಯಲು ನಿಮಗೆ ಯಾವ ಮುಖ ಇದೆ?” ಎಂದು ನಮ್ಮ ಮನೆಯಾಕೆಯೇ ಕೇಳಿದಳು. ಮುಖವಿಲ್ಲ, ಒಪ್ಪುತ್ತೇನೆ. ಆದರೆ ಈ ಸೀಮೆಯ ನೆಲದೊಳಗೆ ಎಷ್ಟು ಅಡಿಗೆ ಏನಿದೆ ಎಂಬುದನ್ನು ಮೈಮೇಲೆ ಬಿದ್ದ ಪುಡಿಯ ಬಣ್ಣದಿಂದಲೇ ಕಲಿತವನು ನಾನು. ಅಷ್ಟನ್ನು ಮಾತ್ರ ನಂಬಿಕೊಂಡು ಈ ಪತ್ರ ಬರೆಯುತ್ತಿದ್ದೇನೆ.

ನಮ್ಮೂರು ಚಳ್ಳಕೆರೆ ಸೀಮೆಯದು. ಊರಿನ ಪಡುವಣಕ್ಕೆ ಹನ್ನೊಂದು ಎಕರೆಯ ಒಂದು ಮರಡಿ ಇದೆ. ಗುಡ್ಡ ಎನ್ನುವಷ್ಟು ಎತ್ತರವಿಲ್ಲ, ಬಯಲು ಎನ್ನುವಷ್ಟು ತಗ್ಗೂ ಅಲ್ಲ. ತಂಗಡಿ, ಬಂದರೆ ಗಿಡ, ಕಾರೆ, ಅಲ್ಲಲ್ಲಿ ಕಗ್ಗಲಿ, ಉಳಿದದ್ದೆಲ್ಲ ಹುಲ್ಲು. ದೇವರ ಎತ್ತುಗಳನ್ನು ಕಾಯುವ ಕಿಲಾರಿಗಳು ವರ್ಷಕ್ಕೆ ಎರಡು ತಿಂಗಳು ಇಲ್ಲಿ ಹಟ್ಟಿ ಹಾಕುತ್ತಿದ್ದರು. ಮರಡಿಯ ಬುಡದಲ್ಲಿ, ಎತ್ತು ಕಟ್ಟಿ ನೀರೆತ್ತುತ್ತಿದ್ದ ಹಳೆಯ ಕಪಿಲೆ ಬಾವಿ. ಕಪಿಲೆ ಹೋಗಿ ಐವತ್ತು ವರ್ಷವಾದರೂ ನೀರು ಇತ್ತು; ಯುಗಾದಿಯವರೆಗೆ ಹಗ್ಗ ಬಿಟ್ಟರೆ ಕೊಡ ತುಂಬುತ್ತಿತ್ತು. ಪಹಣಿಯಲ್ಲಿ ಈ ಜಾಗಕ್ಕೆ ಬರೆದಿರುವುದು ಒಂದೇ ಪದ: ಖರಾಬು.

ಕಳೆದ ವರ್ಷ ಕಾರ್ತಿಕ ಮಾಸದಲ್ಲಿ ರಸ್ತೆ ಕಾಮಗಾರಿಯ ಗುತ್ತಿಗೆದಾರರೊಬ್ಬರು ಎರಡು ಹಿಟಾಚಿ ತಂದು ನಿಲ್ಲಿಸಿದರು. ಮೂರು ತಿಂಗಳು ಹಗಲೂ ರಾತ್ರಿಯೂ ಟಿಪ್ಪರ್‌ಗಳು ಓಡಾಡಿದವು. ಊರಿನ ನಾಲ್ಕೈದು ಮಂದಿ ಹೋಗಿ ಕೇಳಿದಾಗ ಕಾಗದ ತೋರಿಸಿದರು. ಕಾಗದ ಸರಿಯಾಗಿಯೇ ಇದ್ದಿರಬಹುದು, ಅದರ ಬಗ್ಗೆ ನನ್ನ ತಕರಾರಿಲ್ಲ. ಅಳತೆಗೆ ಬಂದಿದ್ದ ಸಿಬ್ಬಂದಿಯೊಬ್ಬರು ಆಡಿದ ಮಾತು ಮಾತ್ರ ಇನ್ನೂ ಕಿವಿಯಲ್ಲಿದೆ. “ಏನೂ ಬೆಳೆಯದ ಗುಡ್ಡ ಅಲ್ಲವೇನ್ರೀ ಇದು? ಇದರಲ್ಲಿ ಜೀವ ಏನಿದೆ?” ಎಂದರು. ಈ ಪತ್ರ ಆ ಪ್ರಶ್ನೆಗೆ ಉತ್ತರ. ಅವತ್ತು ನನಗೆ ಹೊಳೆಯಲಿಲ್ಲ. ಉತ್ತರ ಯಾವಾಗಲೂ ತಡವಾಗಿ ಹೊಳೆಯುವ ಜಾತಿಯವನು ನಾನು.

ಮರಡಿಯ ನೆತ್ತಿಗಿಂತ ತುಸು ಕೆಳಗೆ ಆಳೆತ್ತರದ ಒಂದು ಹುತ್ತವಿತ್ತು. ನಾಗರ ಪಂಚಮಿಗೆ ಊರಿನ ಹೆಣ್ಣುಮಕ್ಕಳು ಹಾಲೆರೆಯುವ ಹುತ್ತ. ಹಿಟಾಚಿ ಓಡಿಸುತ್ತಿದ್ದ ಹುಡುಗ ಯಾವ ಊರಿನವನೋ, ಸುತ್ತಲಿನ ಗರಸನ್ನೆಲ್ಲ ಕೆರೆದು ತೆಗೆದ, ಹುತ್ತವನ್ನು ಮುಟ್ಟಲಿಲ್ಲ. ಮೇಸ್ತ್ರಿ ಬೈದರೂ ಮುಟ್ಟಲಿಲ್ಲ. ಕೊನೆಗೆ ಹುತ್ತ ಇಪ್ಪತ್ತು ಅಡಿಯ ಒಂದು ಮಣ್ಣಿನ ಕಂಬದ ತುದಿಯಲ್ಲಿ ನಿಂತುಬಿಟ್ಟಿತು. ಈಗಲೂ ನಿಂತಿದೆ. ನಾನು ಏಣಿ ಹಾಕಿಕೊಂಡು ಆ ಕಂಬದ ಮೈಯನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದ್ದೇನೆ.

ಮೇಲೆ ಒಂದೂವರೆ ಅಡಿ ಕೆಂಪು ಮಸಬು. ಅದರಲ್ಲಿ ಹುಲ್ಲಿನ ಬೇರು ಎಷ್ಟು ದಟ್ಟವಾಗಿದೆ ಎಂದರೆ ಮಣ್ಣನ್ನು ಹಿಡಿದೆಳೆದರೆ ಕಂಬಳಿಯ ಅಂಚು ಬಂದಂತೆ ಬರುತ್ತದೆ. ಅದರ ಕೆಳಗೆ ಗರಸು: ಕೆಂಪು, ಹಳದಿ, ನಡುವೆ ಅಕ್ಕಿಕಾಳಿನಂಥ ಬಿಳಿ ಚುಕ್ಕೆಗಳು. ಆ ಚುಕ್ಕೆಯನ್ನು ಉಗುರಿನಿಂದ ಕೆರೆದರೆ ಹಿಟ್ಟಾಗಿ ಉದುರುತ್ತದೆ. ಅದೇ ಚುಕ್ಕೆ ಇನ್ನೂರು ಅಡಿ ಆಳದ ಕಲ್ಲಿನಲ್ಲಿ ನನ್ನ ಬಿಟ್‌ನ ಹಲ್ಲು ಸವೆಸಿದೆ. ಇನ್ನೂ ಕೆಳಗೆ ಕಲ್ಲಿನ ಆಕಾರ ಹಾಗೆಯೇ ಇದೆ, ಗೆರೆಗಳೂ ಹಾಗೆಯೇ ಇವೆ. ಕೈಯಿಂದ ಒತ್ತಿದರೆ ಮಾತ್ರ ಹಳೆಯ ಬೆಲ್ಲದ ಉಂಡೆಯಂತೆ ಮುರಿಯುತ್ತದೆ. ನಾವು ಇದನ್ನು ಕೊಳೆತ ಕಲ್ಲು ಎನ್ನುತ್ತೇವೆ. ಈ ಇಪ್ಪತ್ತು ಅಡಿಯ ಉದ್ದಕ್ಕೂ ಹುತ್ತದಿಂದ ಇಳಿದ ಗೆದ್ದಲಿನ ದಾರಿಗಳು. ಬೆರಳು ತೂರುವಷ್ಟು ಅಗಲ, ಒಳಗೋಡೆಗೆ ಸಾರಿಸಿದಂತೆ ನುಣ್ಣನೆಯ ಜೇಡಿ. ಕಗ್ಗಲಿಯ ಒಂದು ಬೇರು, ಪೆನ್ಸಿಲ್ ಗಾತ್ರದ್ದು, ಕಲ್ಲಿನ ಬಿರುಕಿನಲ್ಲೇ ಹಾದಿ ಹುಡುಕುತ್ತ ಹದಿನಾರು ಅಡಿಯವರೆಗೆ ಬಂದಿದೆ. ಬೇರಿನ ಸುತ್ತ ಕಲ್ಲು ಬಿಳಿಚಿಕೊಂಡಿದೆ, ಮೆತ್ತಗಾಗಿದೆ.

ಆ ಬಿಳಿಚಿದ ಕಲ್ಲಿನ ಅರ್ಥ ನನಗೆ ತಿಳಿಸಿಕೊಟ್ಟವಳು ಒಬ್ಬ ಸಂಶೋಧನಾ ವಿದ್ಯಾರ್ಥಿನಿ. ಎರಡು ಬೇಸಿಗೆ ನಮ್ಮ ಲಾರಿಯ ಹಿಂದೆ ಸ್ಕೂಟರ್‌ನಲ್ಲಿ ಬಂದು, ಪ್ರತಿ ಹತ್ತು ಅಡಿಗೆ ಹೊರಬರುವ ಪುಡಿಯನ್ನು ಸಣ್ಣ ಚೀಲದಲ್ಲಿ ಕಟ್ಟಿ ಒಯ್ಯುತ್ತಿದ್ದಳು. ಮೊದಲು ನಾವೆಲ್ಲ ನಕ್ಕೆವು. ಒಂದು ದಿನ ಅವಳು ಕೇಳಿದಳು: “ಅಣ್ಣ, ಕೇಸಿಂಗ್ ಪೈಪು ಕೆಲವು ಕಡೆ ಇಪ್ಪತ್ತು ಅಡಿ, ಕೆಲವು ಕಡೆ ಎಂಬತ್ತು ಅಡಿ ಯಾಕೆ ಬೇಕಾಗುತ್ತದೆ?” ನಾನು ಅಂದೆ, ಗಟ್ಟಿ ಕಲ್ಲು ಸಿಗುವವರೆಗೆ ಇಳಿಸಬೇಕು ತಾಯಿ, ಇಲ್ಲದಿದ್ದರೆ ಮೇಲಿನದು ಕುಸಿಯುತ್ತದೆ. ಅವಳು ಹೇಳಿದ್ದು ಹೀಗೆ: “ಹಾಗಾದರೆ ನಿಮ್ಮ ಕೇಸಿಂಗ್ ಎಷ್ಟು ಅಡಿ ಇಳಿಯಿತೋ ಅಷ್ಟು ಅಡಿ ಕಲ್ಲನ್ನು ನೀರು, ಗಾಳಿ, ಬೇರು, ಹುಳ, ಸೂಕ್ಷ್ಮಜೀವಿ ಎಲ್ಲ ಸೇರಿ ಪಳಗಿಸಿವೆ.”

ಕೇಸಿಂಗಿನ ಅಡಿಗೆ ರೈತನ ಜೊತೆ ಜಗಳವಾಡಿದ ನನಗೆ, ಅದು ಇನ್ನೊಂದರ ಅಳತೆಯೂ ಹೌದು ಎಂಬುದು ಅವತ್ತೇ ತಿಳಿದದ್ದು.

ಬೇರು ಉಸಿರಾಡುತ್ತದೆ. ಅದರ ಸುತ್ತಲಿನ ಕೋಟ್ಯಂತರ ಸೂಕ್ಷ್ಮಜೀವಿಗಳೂ ಉಸಿರಾಡುತ್ತವೆ. ಹೀಗಾಗಿ ಮಣ್ಣಿನೊಳಗಿನ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಹೊರಗಿನ ಗಾಳಿಗಿಂತ ಹತ್ತಾರು ಪಟ್ಟು ಹೆಚ್ಚಿರುತ್ತದೆ. ಇಂಗುವ ಮಳೆನೀರು ಅದನ್ನು ಹೀರಿ ತುಸು ಹುಳಿಯಾಗುತ್ತದೆ, ಸೋಡಾ ನೀರಿನಂತೆ. ಆ ಹುಳಿನೀರು ಬಿಳಿ ಚುಕ್ಕೆಯನ್ನು, ಅಂದರೆ ಫೆಲ್ಡ್‌ಸ್ಪಾರ್ ಎಂಬ ಖನಿಜವನ್ನು, ನಿಧಾನವಾಗಿ ಜೇಡಿಯಾಗಿಸುತ್ತದೆ. ಅದರಲ್ಲಿದ್ದ ಪೊಟ್ಯಾಷ್, ಸುಣ್ಣದ ಅಂಶ ಬಿಡುಗಡೆಯಾಗುತ್ತದೆ, ಬೇರು ಹೀರಿಕೊಳ್ಳುತ್ತದೆ. ಕರಗದ ಬೆಣಚುಕಲ್ಲಿನ ಹರಳು ಮರಳಾಗಿ ಉಳಿಯುತ್ತದೆ. ಮರಳಿನ ಸಂದಿಯಲ್ಲಿ ನೀರು ನಿಲ್ಲುತ್ತದೆ, ಜೇಡಿ ತೇವ ಹಿಡಿಯುತ್ತದೆ, ಗೆದ್ದಲಿನ ದಾರಿ ಮಳೆಯನ್ನು ಒಳಗೆ ಕರೆದೊಯ್ಯುತ್ತದೆ. ನೀರಿದ್ದರೆ ಬೇರು ಇನ್ನೂ ಇಳಿಯುತ್ತದೆ. ಬೇರಿಳಿದಂತೆ ಕಲ್ಲು ಇನ್ನಷ್ಟು ಕೊಳೆಯುತ್ತದೆ. ಹೀಗೆ ಇಪ್ಪತ್ತು ಅಡಿ ಕೊಳೆಯಲು ನಮ್ಮ ಗಟ್ಟಿ ಕಲ್ಲಿನ ಸೀಮೆಯಲ್ಲಿ ಲಕ್ಷಾಂತರ ವರ್ಷ ಬೇಕು. ಮೇಲಿನ ಒಂದು ಅಂಗುಲ ಮಸಬಿಗೇ ನೂರಾರು ವರ್ಷ. ಹಿಟಾಚಿಗೆ ಮೂರು ತಿಂಗಳು ಸಾಕಾಯಿತು.

ಚಿತ್ರದುರ್ಗದ ಕೋಟೆ ನೋಡಲು ಬಂದವರು ಏಳು ಸುತ್ತಿನ ಗೋಡೆ ನೋಡಿ, ಓಬವ್ವನ ಕಿಂಡಿಯಲ್ಲಿ ನುಸುಳಿ ಹೋಗುತ್ತಾರೆ. ಬಂಡೆಗಳ ಮೇಲೆ ಬೂದು, ಹಸಿರು, ಕಿತ್ತಳೆ ಬಣ್ಣದ ಕಲೆಗಳಿರುತ್ತವೆ, ಯಾರೂ ಗಮನಿಸುವುದಿಲ್ಲ. ಅವು ಕಲ್ಲುಹೂವು. ನಮ್ಮ ಮಸಾಲೆ ಡಬ್ಬಿಯಲ್ಲಿ ಇರುವ ಕಲ್ಲುಹೂವಿನ ನೆಂಟರು. ಶಿಲೀಂಧ್ರ ಮತ್ತು ಪಾಚಿ ಕೂಡಿ ಬಾಳುವ ಜೀವಿ ಅದು; ತನ್ನ ಹುಳಿಯಿಂದ ಬಂಡೆಯ ಮೈಯನ್ನು ಕೆರೆಯುತ್ತದೆ, ಕೆರೆದ ಪುಡಿಯಲ್ಲಿ ಧೂಳು ಸೇರುತ್ತದೆ, ಧೂಳಿನಲ್ಲಿ ಒಂದು ಹುಲ್ಲಿನ ಬೀಜ ಬೀಳುತ್ತದೆ. ನಮ್ಮ ಮರಡಿಯೂ ಎಂದೋ ಒಂದು ದಿನ ಹೀಗೆಯೇ ಶುರುವಾಗಿರಬೇಕು. ಹೆಸರಿಟ್ಟ ಹಿರಿಯರಿಗೆ ರಸಾಯನಶಾಸ್ತ್ರ ಗೊತ್ತಿರಲಿಲ್ಲ, ಆದರೂ ಕಲ್ಲು ಮತ್ತು ಹೂವು ಎರಡನ್ನೂ ಒಂದೇ ಪದದಲ್ಲಿ ಕಟ್ಟಿದರು. ನಮ್ಮ ಕಚೇರಿಗಳಲ್ಲಿ ಕಲ್ಲಿನ ಕಡತ ಒಂದು ಮಹಡಿಯಲ್ಲಿ, ಹೂವಿನ ಕಡತ ಇನ್ನೊಂದು ಊರಿನಲ್ಲಿ. ಮರಡಿಯ ಹುಲ್ಲು ಒಬ್ಬರಿಗೆ, ಅದರಡಿಯ ಗರಸು ಇನ್ನೊಬ್ಬರಿಗೆ, ಬುಡದ ಬಾವಿ ಮತ್ತೊಬ್ಬರಿಗೆ ಸೇರಿದೆ. ಗರಸಿಗೆ ಅನುಮತಿ ಕೊಡುವಾಗ ಬಾವಿಯ ಕಡತವನ್ನು ಯಾರೂ ತೆರೆಯಲಿಲ್ಲ. ನನ್ನ ದೂರು ಇಷ್ಟೇ.

ಈಗ ಬಾವಿಯ ಕಥೆ. ಅಗೆತ ನಿಂತ ಮೇಲೆ ಬಂದ ಮುಂಗಾರು ಕಮ್ಮಿಯೇನೂ ಇರಲಿಲ್ಲ. ಚಿತ್ತೆ ಮಳೆಯೂ ಹದವಾಗಿ ಬಿತ್ತು. ಆದರೆ ಕೆರೆದ ಮರಡಿಯ ಮೇಲೆ ಬಿದ್ದ ಮಳೆ ಟಾರ್ಪಾಲಿನ ಮೇಲೆ ಬಿದ್ದಂತೆ ಜಾರಿ, ಕೆಂಪಗೆ ಹರಿದು, ಹಳ್ಳ ಸೇರಿತು. ಬಾವಿ ಯುಗಾದಿಯವರೆಗೆ ಇರಲಿ, ಸಂಕ್ರಾಂತಿಗೇ ತಳ ಕಂಡಿತು. ಒಂದೇ ಕಾರಣಕ್ಕೆ ಬತ್ತಿತು ಎಂದು ಪ್ರಮಾಣ ಮಾಡಲಾರೆ; ಸುತ್ತಲಿನ ಬೋರ್‌ಗಳೂ ಎಳೆಯುತ್ತಿವೆ, ಅವುಗಳಲ್ಲಿ ಎರಡು ನಾನೇ ಕೊರೆದವು. ಆದರೆ ಅದೇ ಬೋರ್‌ಗಳು ಇದ್ದಾಗಲೂ ಹದಿನೈದು ವರ್ಷ ಬಾವಿ ಯುಗಾದಿ ಮುಟ್ಟಿತ್ತು.

ಬಾವಿ ಬತ್ತಿದ ಮೇಲೆ ಕುಡಿಯುವ ನೀರಿಗೆ ಹೊಸ ಬೋರ್ ಕೊರೆದರು. ಪಾಯಿಂಟ್ ನೋಡಲು ಬಂದವರು ಅಂಗೈ ಮೇಲೆ ತೆಂಗಿನಕಾಯಿ ನಿಲ್ಲಿಸಿಕೊಂಡು ಊರೆಲ್ಲ ನಡೆದರು. ಅದರ ಬಗ್ಗೆ ನಾನು ಏನೂ ಹೇಳುವುದಿಲ್ಲ, ಆ ಕಾಯಿಯಿಂದ ನನ್ನ ಸಂಸಾರವೂ ನಡೆದಿದೆ. 780 ಅಡಿಗೆ ಒಂದು ಗ್ಯಾಪ್, ಅಂದರೆ ಕಲ್ಲಿನ ಬಿರುಕು, ಸಿಕ್ಕಿ ಎರಡಿಂಚು ನೀರು ಬಂತು. ಜನ ಕುಂಕುಮ ಹಚ್ಚಿ, ಊದುಬತ್ತಿ ಬೆಳಗಿದರು. ಆಮೇಲೆ ಪರೀಕ್ಷೆ ಮಾಡುವ ಡಬ್ಬಿ ತಂದು ನೀರಿಗೆ ಹನಿ ಹಾಕಿದಾಗ ಗುಲಾಬಿಯಾಗಿ ಉಳಿಯಬೇಕಾದ ಬಣ್ಣ ಹಳದಿಗೆ ತಿರುಗಿತು. ಫ್ಲೋರೈಡ್.

ಇದೂ ಕಲ್ಲು ಮತ್ತು ಜೀವದ ವ್ಯವಹಾರವೇ, ಈ ಸಲ ನಮ್ಮ ಜೀವ. ಗ್ರಾನೈಟ್ ಜಾತಿಯ ಕಲ್ಲುಗಳಲ್ಲಿ ಫ್ಲೋರೈಡ್ ಇರುವ ಖನಿಜಗಳಿವೆ. ಮೇಲ್ಪದರದ ನೀರು ಪ್ರತಿ ಮಳೆಗೆ ಹೊಸದಾಗುತ್ತದೆ. ಆಳದ ಬಿರುಕಿನ ನೀರು ಬಹುಕಾಲ ಕಲ್ಲಿಗೆ ಅಂಟಿಕೊಂಡು ಕುಳಿತಿರುವುದರಿಂದ ಅದನ್ನು ಹೆಚ್ಚು ಕರಗಿಸಿಕೊಳ್ಳುತ್ತದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ಕುಡಿಯಬಾರದು ಎಂಬುದು ಭಾರತೀಯ ಮಾನಕ. ದಾಟಿದ ನೀರನ್ನು ಕುಡಿದು ಬೆಳೆದ ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆಗಳು ಮೂಡುತ್ತವೆ, ಇನ್ನೂ ಹೆಚ್ಚಾದರೆ ಮೂಳೆ ಬಾಗುತ್ತದೆ, ಕೀಲು ಬಿಗಿಯುತ್ತದೆ. ನಮ್ಮ ಜಿಲ್ಲೆಗೆ ಇದು ಹೊಸ ಸುದ್ದಿಯಲ್ಲ. ಮೊಳಕಾಲ್ಮೂರು ಕಡೆ ಕೆಲಸಕ್ಕೆ ಹೋದಾಗ ನೀರು ತಂದುಕೊಟ್ಟ ಒಬ್ಬ ಹುಡುಗಿ ನಗುವಾಗ ಸೆರಗನ್ನು ಬಾಯಿಗೆ ಅಡ್ಡ ಹಿಡಿದುಕೊಂಡಳು. ನಾಚಿಕೆ ಎಂದುಕೊಂಡಿದ್ದೆ. ಕಾರಣ ತಿಳಿದದ್ದು ಎಷ್ಟೋ ವರ್ಷದ ನಂತರ.

ಅಂದರೆ ರಸ್ತೆಗೆ ತುಂಬಿದ ಗರಸಿನ ಬೆಲೆಯನ್ನು ರಾಜಧನದ ರಸೀದಿಯಲ್ಲಿ ಬರೆದಷ್ಟೇ ಎಂದು ತಿಳಿಯಬಾರದು. ಮೇಲಿನ ಇಪ್ಪತ್ತು ಅಡಿ ಹೋದರೆ ಊರು ಎಂಟುನೂರು ಅಡಿಗೆ ಇಳಿಯುತ್ತದೆ. ಶುದ್ಧ ನೀರಿನ ಘಟಕಕ್ಕೆ, ಅದರ ದುರಸ್ತಿಗೆ, ಟ್ಯಾಂಕರ್‌ಗೆ, ಆಸ್ಪತ್ರೆಗೆ ಆಗುವ ಖರ್ಚನ್ನು ಇನ್ನೊಂದು ಇಲಾಖೆ ಇನ್ನೊಂದು ಲೆಕ್ಕದಲ್ಲಿ ಬರೆದುಕೊಳ್ಳುತ್ತದೆ.

ಇನ್ನೊಂದು ಕಲ್ಲಿನ ವಿಷಯ ಹೇಳಬೇಕು, ಮರಡಿಗೆ ನೇರ ಸಂಬಂಧವಿಲ್ಲದಿದ್ದರೂ. ನನ್ನ ಅಜ್ಜಿಯ ಊರು ಭೀಮಸಮುದ್ರದ ಕಡೆ. ಅವರ ಹಿತ್ತಲಲ್ಲಿ ಬಟ್ಟೆ ಒಗೆಯುವ ಒಂದು ಚಪ್ಪಡಿ ಇತ್ತು. ಅದರ ಮೈಮೇಲೆ ಅರ್ಧ ಹೆಚ್ಚಿದ ಎಲೆಕೋಸಿನಂತೆ ಕಮಾನು ಕಮಾನಾದ ಗೆರೆಗಳು, ಒಂದರ ಮೇಲೊಂದು. ನೀರು ಬಿದ್ದಾಗ ಗೆರೆ ಎದ್ದು ಕಾಣುತ್ತಿತ್ತು. ಯಾರೋ ಕೆತ್ತಿದ್ದು ಎಂದುಕೊಂಡಿದ್ದೆ. ಆ ವಿದ್ಯಾರ್ಥಿನಿಗೆ ಇದನ್ನು ವರ್ಣಿಸಿದಾಗ ಅವಳು ಮಾತೇ ನಿಲ್ಲಿಸಿ ನನ್ನನ್ನು ನೋಡಿದಳು. ಅದಕ್ಕೆ ಸ್ಟ್ರೊಮ್ಯಾಟೊಲೈಟ್ ಎನ್ನುತ್ತಾರಂತೆ. ಆಳವಿಲ್ಲದ ಸಮುದ್ರದ ತಳದಲ್ಲಿ ಲೋಳೆಯಂಥ ಸೂಕ್ಷ್ಮಜೀವಿಗಳು ಚಾಪೆ ಹಾಸಿದಂತೆ ಬೆಳೆದು, ಅವುಗಳ ಮೇಲೆ ಸುಣ್ಣದ ಪದರ ಕೂತು, ಅವು ಬೆಳಕಿಗಾಗಿ ಮತ್ತೆ ಮೇಲೆ ಬೆಳೆದು, ಹೀಗೆ ಪದರದ ಮೇಲೆ ಪದರ ಕಟ್ಟಿದ ಕಲ್ಲು. ಭೀಮಸಮುದ್ರದ ಆಸುಪಾಸಿನ, ಮಾರಿಕಣಿವೆ ಕಡೆಯ ಸುಣ್ಣಕಲ್ಲಿನಲ್ಲಿ ಇವು ಸಿಗುತ್ತವೆ. ವಯಸ್ಸು 250 ಕೋಟಿ ವರ್ಷಕ್ಕೂ ಹೆಚ್ಚು. ಗಿಡಗಳು ನೆಲಕ್ಕೆ ಬಂದು ಆಗಿರುವುದೇ ಸುಮಾರು 47 ಕೋಟಿ ವರ್ಷ. ಅದಕ್ಕೂ ಇನ್ನೂರು ಕೋಟಿ ವರ್ಷ ಮೊದಲು ನಮ್ಮ ಜಿಲ್ಲೆಯ ಕಲ್ಲನ್ನು ಜೀವಿಗಳು ಕಟ್ಟುತ್ತಿದ್ದವು. ಅಜ್ಜಿ ಅದರ ಮೇಲೆ ನನ್ನ ಚಡ್ಡಿ ಒಗೆದಳು.

ಅಂಥ ಜೀವಿಗಳೇ ಬಿಸಿಲು ಉಂಡು ಆಮ್ಲಜನಕ ಬಿಡಲು ಕಲಿತವು. ಅಂದಿನ ಸಮುದ್ರದಲ್ಲಿ ಕರಗಿದ್ದ ಕಬ್ಬಿಣ ಆ ಆಮ್ಲಜನಕಕ್ಕೆ ಸೇರಿ, ತುಕ್ಕಾಗಿ, ತಳಕ್ಕೆ ಕೂತು ಪಟ್ಟೆ ಪಟ್ಟೆಯ ಅದಿರಾಯಿತು ಎಂಬುದು ವಿಜ್ಞಾನಿಗಳಲ್ಲಿ ಹೆಚ್ಚಿನವರು ಒಪ್ಪುವ ವಿವರಣೆ. ಲಾರಿಗಳಲ್ಲಿ ಹೋದ, ಹೋಗುತ್ತಿರುವ, 2011ರಲ್ಲಿ ಸುಪ್ರೀಂ ಕೋರ್ಟ್ ತಡೆ ಹಾಕಿದ ಆ ಅದಿರಿನ ಹಿಂದೆ ಕೂಡ ಕಣ್ಣಿಗೆ ಕಾಣದ ಜೀವಿಗಳ ದುಡಿಮೆ ಇದೆ. ಇಂದು ಭೂಮಿಯಲ್ಲಿ ಗುರುತಿಸಿರುವ ಖನಿಜಗಳು ಐದು ಸಾವಿರಕ್ಕೂ ಹೆಚ್ಚು. ಜೀವ ಹುಟ್ಟದೆ, ಗಾಳಿಗೆ ಆಮ್ಲಜನಕ ಸೇರದೆ ಇದ್ದಿದ್ದರೆ ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಇರುತ್ತಲೇ ಇರಲಿಲ್ಲ ಎನ್ನುತ್ತಾರೆ. ಅಳತೆಗೆ ಬಂದ ಸಾಹೇಬರು ಕೇಳಿದ “ಇದರಲ್ಲಿ ಜೀವ ಏನಿದೆ” ಎಂಬ ಪ್ರಶ್ನೆ ನೆನಪಾದಾಗಲೆಲ್ಲ ಆ ಒಗೆಯುವ ಕಲ್ಲು ಕಣ್ಣೆದುರು ಬರುತ್ತದೆ. ಅಜ್ಜಿ ತೀರಿಕೊಂಡ ಮೇಲೆ ಮನೆ ಕೆಡವಿದರು. ಚಪ್ಪಡಿ ಒಡೆದು ಹೊಸ ಮನೆಯ ತಳಪಾಯಕ್ಕೆ ಹೋಯಿತು.

ನಮ್ಮ ಜಿಲ್ಲೆಗೆ ಕಲ್ಲನ್ನು ಗೌರವಿಸಿ ಗೊತ್ತಿಲ್ಲ ಎನ್ನಲಾರೆ. ಐಮಂಗಲದ ಹತ್ತಿರ ಮರಡಿಹಳ್ಳಿಯಲ್ಲಿ ದಿಂಬಿನ ಆಕಾರದ ಲಾವಾ ಕಲ್ಲುಗಳಿವೆ. ಸಮುದ್ರದಡಿಯಲ್ಲಿ ಉಕ್ಕಿದ ಲಾವಾ ತಣ್ಣೀರು ತಾಗಿ ಹಾಗೆ ಉಂಡೆಗಟ್ಟಿದ್ದು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆ ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಘೋಷಿಸಿದೆ. ಆ ಊರಿನ ಹೆಸರಿನಲ್ಲೇ ಮರಡಿ ಇದೆ, ನೋಡಿ. ನೀರನ್ನೂ ಹಾಗೆಯೇ ಗೌರವಿಸಿದ್ದೇವೆ. ಚಂದ್ರವಳ್ಳಿಯಲ್ಲಿ ಕದಂಬರ ಮಯೂರಶರ್ಮ ಕೆರೆ ಕಟ್ಟಿಸಿದ ಶಾಸನ ನಾಲ್ಕನೇ ಶತಮಾನದ್ದು. ವೇದಾವತಿಗೆ ಅಡ್ಡವಾಗಿ 1907ರಲ್ಲಿ ಮುಗಿದ ಮಾರಿಕಣಿವೆ ಅಣೆಕಟ್ಟು 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಅದನ್ನು ನೋಡಲು ನಾವು ಟ್ರ್ಯಾಕ್ಟರ್ ಕಟ್ಟಿಕೊಂಡು ಹೋಗಿದ್ದೆವು. ಕಾಣುವ ನೀರಿಗೆ ನಾವು ಬಾಗಿನ ಬಿಡುತ್ತೇವೆ. ಮರಡಿಯೊಳಗಿನ ಕಾಣದ ಕೆರೆಗೆ ಹೆಸರೂ ಇಲ್ಲ.

ಈಗ ಕೋರಿಕೆಗಳು. ರಸ್ತೆ ಬೇಡ ಎನ್ನುವವನು ನಾನಲ್ಲ, ಆ ರಸ್ತೆಯ ಮೇಲೆಯೇ ನಮ್ಮ ಶೇಂಗಾ ಚಳ್ಳಕೆರೆ ಮಾರುಕಟ್ಟೆಗೆ ಹೋಗಬೇಕು. ಗರಸು ಎಲ್ಲಿಂದ ತರಬೇಕು ಎಂಬುದಷ್ಟೇ ಪ್ರಶ್ನೆ. ಕಲ್ಲು ಕ್ವಾರಿಗಳ ಪಕ್ಕ ವರ್ಷಗಟ್ಟಲೆ ಗುಡ್ಡೆಬಿದ್ದಿರುವ ತ್ಯಾಜ್ಯವನ್ನು ತಳಕ್ಕೆ ಬಳಸಬಹುದೇ ಎಂದು ಮೊದಲು ಪರೀಕ್ಷಿಸಿ. ಈಗಾಗಲೇ ಅಗೆದು ಬಿಟ್ಟ ಗುಂಡಿಗಳಿದ್ದರೆ ಅವನ್ನು ನೋಡಿ. ಅದೂ ಆಗದೆ ಹೊಸ ಮರಡಿಯನ್ನೇ ಮುಟ್ಟಬೇಕಾಗಿ ಬಂದರೆ, ಕಾಗದಕ್ಕೆ ಸಹಿ ಬೀಳುವ ಮುನ್ನ ಗಣಿ, ಅಂತರ್ಜಲ, ಕೃಷಿ, ಅರಣ್ಯ ಈ ನಾಲ್ಕೂ ಕಡೆಯವರು ಒಂದೇ ದಿನ, ಒಂದೇ ಜೀಪಿನಲ್ಲಿ ಬಂದು ಅದರ ಬುಡದಲ್ಲಿ ಯಾವ ಬಾವಿ, ಯಾವ ಬೋರ್, ಯಾವ ಕೆರೆ ಇದೆ ಎಂದು ಬರೆದುಕೊಳ್ಳಬೇಕು. ನಾಲ್ಕು ಜೀಪು ನಾಲ್ಕು ದಿನ ಬಂದರೆ ಆ ಬರಹ ಒಂದು ಕಡೆ ಸೇರುವುದಿಲ್ಲ.

ಆ ತಪಾಸಣೆಗೆ ಬೇಕಾದ ಮಾಹಿತಿ ಹೊಸದಾಗಿ ಹುಡುಕುವ ಅಗತ್ಯವೂ ಇಲ್ಲ. ಪ್ರತಿಯೊಂದು ಬೋರ್‌ವೆಲ್ ಲಾರಿಯಲ್ಲೂ ಬಿಲ್ ಪುಸ್ತಕ ಇರುತ್ತದೆ. ಎಷ್ಟು ಅಡಿ ಕೇಸಿಂಗ್ ಇಳಿಯಿತು, ಎಷ್ಟು ಅಡಿಗೆ ನೀರು ಬಂತು ಎಂಬುದು ಅದರಲ್ಲಿ ಇರಲೇಬೇಕು, ಇಲ್ಲದಿದ್ದರೆ ದುಡ್ಡು ವಸೂಲಾಗುವುದಿಲ್ಲ. ಕೊಳವೆಬಾವಿಗಳಿಗೆ ರಾಜ್ಯದಲ್ಲಿ 2011ರ ಅಂತರ್ಜಲ ಕಾಯ್ದೆ ಇದೆ. ಕೇಸಿಂಗಿನ ಆಳವನ್ನು ಗ್ರಾಮವಾರು ಒಂದು ಕಡೆ ಸೇರಿಸಿದರೆ ಜಿಲ್ಲೆಯಲ್ಲಿ ಎಲ್ಲಿ ಕೊಳೆತ ಕಲ್ಲು ದಪ್ಪಗಿದೆ, ಎಲ್ಲಿ ತೆಳ್ಳಗಿದೆ ಎಂಬ ನಕ್ಷೆಯೇ ಸಿದ್ಧವಾಗುತ್ತದೆ. ದಪ್ಪಗಿರುವಲ್ಲಿ ಅಗೆಯಬೇಡಿ, ಅದೇ ನಮ್ಮ ಕೆರೆ. ನನ್ನ ಹತ್ತಿರ ಹದಿನಾಲ್ಕು ವರ್ಷದ ಬಿಲ್ ಪುಸ್ತಕಗಳಿವೆ, ಇಲಿ ತಿಂದದ್ದು ಬಿಟ್ಟು. ಬೇಕೆಂದರೆ ನಾಳೆಯೇ ಕೊಡುತ್ತೇನೆ.

ನಮ್ಮ ಮರಡಿಯ ಮಟ್ಟಿಗೆ: ಅಗೆಯುವಾಗ ಕೆರೆದು ತೆಗೆದ ಮೇಲ್ಮಣ್ಣು ತೆಂಕಣ ಅಂಚಿನಲ್ಲಿ ಗುಡ್ಡೆಯಾಗಿ ಇನ್ನೂ ಬಿದ್ದಿದೆ. ಅದರಲ್ಲಿ ಹುಲ್ಲಿನ ಬೀಜವಿದೆ, ಬೇರಿಗೆ ಕಲ್ಲಿನ ರಂಜಕ ತಂದುಕೊಡುವ ಶಿಲೀಂಧ್ರಗಳಿವೆ. ಗುಡ್ಡೆ ಹೆಚ್ಚು ಕಾಲ ಹಾಗೆಯೇ ಇದ್ದರೆ ಅವೂ ಸಾಯುತ್ತವೆ. ಭರಣಿ ಮಳೆಗೆ ಮೊದಲು ಕಡಿದಾದ ಮುಖವನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸಿ, ಆ ಮಣ್ಣನ್ನು ಮೇಲೆ ಹರಡಿಸಬೇಕು. ದಯವಿಟ್ಟು ನೀಲಗಿರಿ ನೆಡಬೇಡಿ. ಅಂಚಿನಲ್ಲಿ ಉಳಿದಿರುವ ಹುಲ್ಲು, ತಂಗಡಿ, ಬಂದರೆಗಳೇ ಒಳಗೆ ಬರುತ್ತವೆ, ಐದಾರು ವರ್ಷ ಯಾರೂ ಅಗೆಯದಂತೆ ನೋಡಿಕೊಂಡರೆ ಸಾಕು. ಖರ್ಚನ್ನು ಗುತ್ತಿಗೆದಾರರು ಕೊಡಬೇಕೋ, ಗಣಿಗಾರಿಕೆಯಿಂದ ಬಾಧಿತವಾದ ಊರುಗಳಿಗಾಗಿ 2015ರ ತಿದ್ದುಪಡಿಯ ನಂತರ ಬಂದಿರುವ ಜಿಲ್ಲಾ ಖನಿಜ ಪ್ರತಿಷ್ಠಾನದಿಂದ ಬರಬೇಕೋ, ಅದನ್ನು ನೀವು ತೀರ್ಮಾನಿಸಿ.

ಕೆರೆಯ ಗೋಡಿನ ಬಗ್ಗೆಯೂ ಎರಡು ಮಾತು. ಮರಡಿಯಿಂದ ಜಾರಿದ ಮಣ್ಣು ಕೊನೆಗೆ ಕೆರೆಯ ತಳದಲ್ಲಿ ಗೋಡಾಗುತ್ತದೆ. ಬೇಸಿಗೆಯಲ್ಲಿ ಗಾಡಿ ಕಟ್ಟಿ ಅದನ್ನು ಹೊಲಕ್ಕೆ ಹೊಡೆಯುವುದು ನಮ್ಮ ಹಿರಿಯರ ಪದ್ಧತಿ. ಬೆಟ್ಟದಿಂದ ಹೋದದ್ದು ಬೆಳೆಯ ಬುಡಕ್ಕಾದರೂ ಮರಳುತ್ತಿತ್ತು. ಈಗ ಹೂಳೆತ್ತಿದ ಗೋಡು ಇಟ್ಟಿಗೆ ಗೂಡಿಗೆ ಹೋಗುವುದನ್ನು ಕಣ್ಣಾರೆ ಕಂಡಿದ್ದೇನೆ. ಸುಟ್ಟ ಮೇಲೆ ಅದು ಮಣ್ಣಲ್ಲ. ಹೂಳೆತ್ತುವ ಟೆಂಡರಿನಲ್ಲಿ ಹೊಲದವರಿಗೇ ಮೊದಲ ಹಕ್ಕು ಎಂಬ ಒಂದು ಸಾಲು ಸೇರಿಸಿ.

ಭೀಮಸಮುದ್ರದ ಕಡೆಯ ಆ ಗೆರೆಯ ಕಲ್ಲುಗಳು ಹೊರಗೆ ಕಾಣುವ ಜಾಗಗಳನ್ನು ತಜ್ಞರಿಂದ ಗುರುತಿಸಿ, ಮರಡಿಹಳ್ಳಿಯಲ್ಲಿ ಮಾಡಿದಂತೆ ರಕ್ಷಿಸಿ. ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಪಂಚಾಯಿತಿಯೂ ತನ್ನ ಗಿಡ, ಪ್ರಾಣಿಗಳ ದಾಖಲೆ ಇಡಬೇಕಲ್ಲ, ಆ ಪುಸ್ತಕದಲ್ಲಿ ಊರಿನ ಕಲ್ಲು ಮಣ್ಣಿಗೂ ಒಂದು ಹಾಳೆ ಇಟ್ಟರೆ ಯಾರಿಗೂ ನಷ್ಟವಿಲ್ಲ. ನಮ್ಮ ಪಂಚಾಯಿತಿಯದನ್ನು ಬರೆಯಲು ನಾನು ಸಿದ್ಧ. ಕಾಗುಣಿತ ತಿದ್ದುವವರೊಬ್ಬರು ಸಿಕ್ಕರೆ ಸಾಕು.

ಪಹಣಿಯ ಆ ಪದವನ್ನು ಬದಲಿಸಿ ಎಂದು ಕೇಳುತ್ತಿಲ್ಲ. ಖರಾಬು ಎಂದರೆ ಕಂದಾಯ ಬಾರದ ಜಮೀನು ಎಂದಷ್ಟೇ ಅರ್ಥ ಎಂದು ಶ್ಯಾನುಭೋಗರ ಮನೆತನದ ಹಿರಿಯರೊಬ್ಬರು ನನಗೆ ಬಿಡಿಸಿ ಹೇಳಿದ್ದಾರೆ. ಅದನ್ನು ಕೆಟ್ಟದ್ದು, ಸತ್ತದ್ದು ಎಂದು ಓದುವುದು ಆಮೇಲೆ ಬಂದ ರೂಢಿ.

ಬರುವುದಾದರೆ ಬೆಳಿಗ್ಗೆ ಎಂಟರೊಳಗೆ ಬನ್ನಿ. ಅಗೆದ ಮುಖ ಮೂಡಣಕ್ಕಿದೆ, ಆ ಹೊತ್ತಿನಲ್ಲಿ ಬಿಸಿಲು ಅದರ ಮೇಲೆ ನೇರವಾಗಿ ಬೀಳುವುದರಿಂದ ಬೇರು ಇಳಿದ ದಾರಿ, ಗೆದ್ದಲಿನ ದಾರಿ ಎಲ್ಲ ಬರಿಗಣ್ಣಿಗೆ ಕಾಣುತ್ತವೆ. ಹುತ್ತದ ಕಂಬದ ಬುಡ ಕಳೆದ ಮಳೆಗೆ ಒಂದು ಮೊಳ ಕೊರೆದಿದೆ. ಇನ್ನೊಂದು ಮುಂಗಾರನ್ನು ಅದು ತಡೆಯಲಾರದು. ಮೇಲೆ ಗೆದ್ದಲು ಇನ್ನೂ ಕೆಲಸ ಮಾಡುತ್ತಿದೆ. ಮೊನ್ನೆ ಹೋದಾಗ ಹುತ್ತದ ತುದಿಯಲ್ಲಿ ಹಸಿ ಮಣ್ಣಿನ ಹೊಸ ಮೆತ್ತಿಗೆ ಕಂಡೆ. ಏಣಿ ನಮ್ಮ ಮನೆಯಲ್ಲಿದೆ, ನಾನೇ ತರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಚಳ್ಳಕೆರೆ ಸೀಮೆಯ ಒಬ್ಬ ನಿವೃತ್ತ ಬೋರ್‌ವೆಲ್ ಡ್ರಿಲ್ಲರ್